ಬಂಡೆಗೆ ಸುಣ್ಣ

ಇಲ್ಲ, ಊಟ ಆಮೇಲೆ ಮಾಡ್ತೀನಿ. ಮುದ್ದೆ ಮುಚ್ಚಿಡು. ನೀನು ಕೂತ್ಕೊ ಅಮ್ಮಾಜಿ... ನನಗಿದನ್ನ ಮೊದಲು ಹೇಳಿದೋನು ಮುನಿಗಂಗಪ್ಪ. ಅದೇ, ಅಂಬಾಜಿದುರ್ಗದ ಬೆಟ್ಟದ ಮೇಲೆ ಮೇಕೆ ಮೇಯಿಸ್ತಾನಲ್ಲ, ಅವನು. ನಾನಿನ್ನೂ ಜೀಪಿನಿಂದ ಕಾಲು ಕೆಳಗಿಟ್ಟಿರಲಿಲ್ಲ, ಬಂದು ಕಿವಿಯಲ್ಲಿ ಅಂದ, "ಮುನಿವೆಂಕಟಣ್ಣ, ಮೇಲೆ ಕರ್ಕೊಂಡು ಹೋಗಬೇಡ. ಪೊದೆ ಇಲ್ಲ."

ಪೊದೆ ಇಲ್ಲ ಅಂದ್ರೆ ಏನು ಅಂತ ನೋಡ್ತೀಯಾ? ನಾನೂ ಅವನ ಮುಖ ಹಾಗೇ ನೋಡಿದೆ.

ಎರಡು ದಿನ ನಾನು ಊರಲ್ಲಿರಲಿಲ್ಲ, ನಿನಗೇ ಗೊತ್ತು. ಆ ಹೊರದೇಶದೋರನ್ನ ಚಿಕ್ಕಬಳ್ಳಾಪುರದಿಂದ ಕರ್ಕೊಂಡು ಬರೋಕೆ ಹೋಗಿದ್ದೆ. ಎಸ್‌ಟಿಡಿ ಬೂತಿಂದ ಅಂಗಡಿಗೆ ಫೋನ್ ಮಾಡಿ ಹೇಳಿಸಿದ್ದೆನಲ್ಲ, ಬೆಟ್ಟ ನೋಡೋಕೆ ನೆಂಟರು ಬರ್ತಾರೆ ಅಂತ. ದಾರಿ ಪೂರಾ ಆ ದೊರೆಸಾನಿ ಹೇಳ್ತಾ ಬಂದ್ರು, ಈ ಹಕ್ಕಿ ಕಾಯೋ ಯೋಜನೆ ತಂದ ನಮ್ಮ ತನುಜಮ್ಮ ಅದನ್ನ ಕನ್ನಡ ಮಾಡಿ ನನಗೆ ಹೇಳೋಳು. ಲೋಕದಲ್ಲಿ ಇನ್ನೇನು ಕಣ್ಮರೆಯಾಗ್ತವೆ ಅನ್ನೋ ಜೀವಗಳಿಗೆಲ್ಲ ಅವರ ಸಂಸ್ಥೆ ದುಡ್ಡು ಕೊಡುತ್ತಂತೆ. ಯಾವುದೋ ದ್ವೀಪದ ಗಿಳಿ, ಎಲ್ಲಿಯದೋ ಸಮುದ್ರದ ಆಮೆ, ನಮ್ಮ ಬೆಟ್ಟದ ಹಳದಿ ಕೊರಳಿನ ಪಿಕಳಾರ ಹಕ್ಕಿ... ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದ ಹಾಗೆ. ಗೂಡು ಕಣ್ಣಾರೆ ಕಂಡ್ರೆ ಇನ್ನೂ ಮೂರು ವರ್ಷ ಕೊಡ್ತೀವಿ ಅಂದ್ರು. ಅಂದ್ರೆ ನನ್ನ ಕಾವಲು ಕೆಲಸವೂ ಮೂರು ವರ್ಷ.

ಮುನಿಗಂಗಪ್ಪ ಹೋದ ವಾರ ನಗಾಡಿದ್ದು ನೆನಪಿದೆಯಾ? "ಏಮಪ್ಪ, ಒಕ್ಕ ಪಿಟ್ಟ ಕೋಸಂ ಇಂತ ದೂರಮಾ? ಒಂದು ಹಕ್ಕಿಗೆ ಇಷ್ಟು ದೂರ ಬರ್ತಾರೆ, ನನ್ನ ಮೇಕೆ ನೋಡೋಕೆ ಯಾರೂ ಬರಲ್ಲವಲ್ಲ" ಅಂತ. ಇವತ್ತು ನಗಲಿಲ್ಲ ಅವನು.

ಹತ್ತಿದ್ವಿ. ಗೂಡಿದ್ದ ಪೊದೆ ಪಕ್ಕದ ಬಂಡೆ ದೂರದಿಂದಲೇ ಬೆಳ್ಳಗೆ ಕಾಣ್ತು. ಯಾರೋ ಸುಣ್ಣ ಬಳಿದಿದ್ರು ಕಣೇ. ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ, ಆಂಜನೇಯನ ಗುಡಿ ಗೋಡೆಗೆ ಹೊಡೀತೀವಲ್ಲ, ಹಾಗೇ. ಸುತ್ತ ಒಂದು ಪೊದೆ ಇಲ್ಲ. ಬುಡಕ್ಕೆ ಕಡಿದು, ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟಿದ್ರು. ಸಮುದ್ರ ದಾಟಿ ಬರೋ ನೆಂಟರನ್ನ ಮುಳ್ಳಲ್ಲಿ ನಿಲ್ಲಿಸೋದಾ ಅನ್ನಿಸಿರುತ್ತೆ, ಪಾಪ. ಮನೆಗೆ ಯಾರು ಬಂದ್ರೂ ನಾವು ಮೊದಲು ಮಾಡೋದು ಅದೇ ಅಲ್ವಾ...

ಎಲ್ಲಿಗೆ ಏಳ್ತೀಯಾ? ಕೂತ್ಕೊ. ಒಲೆ ಆರಿದ್ರೆ ಆರಲಿ.

ಕಡಿದದ್ದನ್ನ ಒಂದು ಕಡೆ ಒಟ್ಟಿದ್ರು. ಗೂಡು ಅದರೊಳಗೇ ಇತ್ತು. ಮರಿ... ಬೇಡ ಬಿಡು. ಹಕ್ಕಿ ಎರಡೂ ಬಂಡೆಯ ತನಕ ಬರೋವು, ಕೂರದೇ ಹೋಗೋವು. ಆ ದೊರೆಸಾನಿ ರಂಗೋಲಿ ತುಳಿಯಬಾರದು ಅಂತ ಪಕ್ಕಕ್ಕೆ ಹೆಜ್ಜೆ ಇಟ್ಕೊಂಡು ಹೋಗಿ ಗೂಡು ನೋಡಿದ್ರು. ನನಗೆ ಏನೂ ಅನ್ನಿಸಲಿಲ್ಲ ಅಮ್ಮಾಜಿ. ಸುಮ್ಮನೆ ಕೂತು ಕಾಲು ಜೋಮು ಹಿಡಿಯುತ್ತಲ್ಲ, ಹಾಗೆ ಒಳಗೆಲ್ಲ ಜೋಮು. ಈಗಲೂ ಬಿಟ್ಟಿಲ್ಲ.

ಯಾರು ಮಾಡಿದ್ದು ಅಂತ ತನುಜಮ್ಮ ಕೇಳಿದ್ಲು. ಜೀಪಿನ ಡ್ರೈವರ್ ಕೇಳಿದ. ಬೆಟ್ಟ ಇಳಿದ್ರೆ ಊರೆಲ್ಲ ಕೇಳ್ತು. ನೀನೂ ಕೇಳ್ತೀಯೇನೋ ಅಂತ ಇಷ್ಟು ಹೊತ್ತು ಕಾದೆ...

ಕೇಳಲಿಲ್ಲ ನೀನು.

ಕೈ ಸೆರಗಿನಿಂದ ಈಚೆಗೆ ತೆಗಿ. ಸುಣ್ಣ ಸುಟ್ಟದ್ದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಮುಚ್ಕೊಂಡ್ರೆ ಹೋಗಲ್ಲ.

ಹೂಂ, ಯಾರ ಕೈ ಕೆಲಸ ಅನ್ನೋದನ್ನೂ ಮುನಿಗಂಗಪ್ಪ ಹೇಳಿದ್ದ, ಕಿವಿಯಲ್ಲೇ. ತನುಜಮ್ಮ ಕೇಳಿದಾಗ ಬಾಯಿ ತೆರೆಯೋಕೂ ಹೋದ. ಅವನ ಕಾಲು ತುಳಿದೆ. ನಾನೇ ಮಾಡಿಸಿದ್ದು ಅಂದೆ. ಊರಿಂದ ಹೊರಡೋ ಮುಂಚೆ ಆಳುಗಳಿಗೆ ಹೇಳಿ ಹೋಗಿದ್ದೆ ಅಂದೆ. ತನುಜಮ್ಮ, ಆ ಮಗು, ನನ್ನ ಕೊರಳಿನ ದುರ್ಬೀನು ತಾನೇ ತೆಕ್ಕೊಂಡ್ಲು. ಬೈಯಲಿಲ್ಲ. ಆ ದುಡ್ಡು ಇನ್ನು ಬೇರೆ ಬೆಟ್ಟಕ್ಕೆ ಹೋಗುತ್ತೆ. ಅಲ್ಲಿ ಯಾವ ಹಕ್ಕಿ ಇದೆಯೋ, ಅದಕ್ಕಾದ್ರೂ ಆಗಲಿ.

ನೀನು ಒಂದು ಕೆಲಸ ಮಾಡು. ಬೆಳಿಗ್ಗೆ ಡೈರಿ ಹತ್ರ ಗಂಗುಲಮ್ಮ ಕೇಳೇ ಕೇಳ್ತಾಳೆ. ಅವಳು ಕೇಳೋಕೆ ಮುಂಚೆ ನೀನೇ ಹೇಳು, ನಮ್ಮ ಯಜಮಾನ್ರು ಹೀಗೆ ಮಾಡಿಬಿಟ್ರು, ಹಕ್ಕಿ ಕಾಯೋ ಮನುಷ್ಯಂಗೆ ಅಷ್ಟೂ ತಿಳೀಲಿಲ್ಲ ಅಂತ. ತಲೆ ಎತ್ತಿ ಹೇಳು. ಹಬ್ಬಕ್ಕೆ ಮಗಳು ಲಾವಣ್ಯ ಬಂದ್ರೆ ಅವಳಿಗೂ ಹಾಗೇ ಹೇಳು. ಅವಳು ಅವಳ ಮಕ್ಕಳಿಗೆ ಹಾಗೇ ಹೇಳಲಿ.