ಹೆಜ್ಜೆ ನಮಸ್ಕಾರದ ಹರಕೆ

ಕೊಳ್ಳೇಗಾಲದಲ್ಲಿ ಮಾದಪ್ಪನ ಬೆಟ್ಟದ ಬಸ್ಸಿಗೆ ಕಾಯುತ್ತಿದ್ದ ಆಶಾರಾಣಿಗೆ ಪಕ್ಕದಲ್ಲಿ ನಿಂತಿದ್ದ ಗಂಡ ಹೆಂಡಿರ ಜಗಳ ಕಿವಿಗೆ ಬಿತ್ತು.

“ಎಜ್ಜೆ ಎಜ್ಜೆಗೂ ಅಡ್ಡಬಿದ್ದು ಏಳಕ್ಕೆ ನನ್ ಕೈಲಾಗಕಿಲ್ಲ. ತೊಡೆಸಂದಿ ರಕ್ತದ ನರದೊಳಗೆ ಸ್ಟೆಂಟು ಕೂರ್ಸವ್ರೆ. ಪದೇ ಪದೇ ಬಗ್ಗಿ ಎದ್ರೆ ಅದು ಮುರ್ದೋಯ್ತದೆ ಅಂದವ್ರೆ ಡಾಕ್ಟ್ರು.”

“ಕಾಲು ಉಳಿಸ್ದೋನು ಮಾದಪ್ಪ ಕಣಮ್ಮಿ. ಅರಕೆ ತಪ್ಪಿದ್ರೆ ಸುಮ್ಕಿದ್ದಾನಾ?”

“ನಡೀಬೌದು ಅಂದವ್ರೆ. ಬೆಟ್ಟ ಸುತ್ತು ಅಂದ್ರೂ ಸುತ್ತೀನಿ.”

“ನಾನು ಒತ್ಕಂಡಿರೋದು ಎಜ್ಜೆ ನಮಸ್ಕಾರ.”

“ನನ್ನ ಕೇಳಿ ಒತ್ಕಂಡ್ರಾ?”

“ನೀನು ಆಪ್ರೇಸನ್ ರೂಮಲ್ಲಿದ್ದೆ. ಯಾರ್ನ ಕೇಳ್ಲಿ?”

“ಒತ್ಕಂಡ ಬಾಯಿ ನಿಮ್ದು. ಅಡ್ಡಬೀಳೋ ಮೈಯೂ ನಿಮ್ದೇ ಆಗ್ಲಿ.”

ಬಸ್ಸು ಬಂತು. ಅವನು ಚಪ್ಪಲಿ ಕಳಚಿ, ಹೆಂಡತಿಯ ಚೀಲಕ್ಕೆ ತುರುಕಿ, ಬರಿಗಾಲಲ್ಲಿ ಹತ್ತಿದ.