ಪೂಜೆಗಿಟ್ಟ ಜಾಕೆಟ್

ಸಾಗರದ ಆಸ್ಪತ್ರೆಯಲ್ಲಿ ಬಿ.ಪಿ. ತೋರಿಸಲು ಕೂತಿದ್ದ ವೇದಾವತಮ್ಮನ ಪಕ್ಕದ ಬೆಂಚಿಗೆ ಅಗ್ನಿಶಾಮಕ ದಳದ ಇಬ್ಬರು ಬಂದು ಕೂತರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಗೋಡೌನಿನ ಬೆಂಕಿಲಿ ನಮ್ಮ ಸಂದೇಶನ ಜಾಕೆಟ್ಟಿನ ಅಲಾರಾಂ ಯಾಕೆ ಕೂಗ್ಲಿಲ್ಲ ಅಂತ ಸಾಹೇಬ್ರು ಕೇಳ್ತಿದ್ರು, ದುಗ್ಗಪ್ಪಣ್ಣ," ಎಂದ ಚಿಕ್ಕವನು.

"ನೀ ಎಂತ ಹೇಳ್ದೆ, ಸುರೇಂದ್ರ?"

"ಗೊತ್ತಿಲ್ಲ ಅಂದೆ. ಹಾಕ್ಕೊಂಡೋನು ಅಲ್ಲಾಡದೆ ಬಿದ್ರೆ ಅದು ಕೂಗ್ಲೇಬೇಕಲ್ಲ?"

"ಬ್ಯಾಟರಿ ಇದ್ರೆ ತಾನೇ ಕೂಗೋದು."

"ಅಂದ್ರೆ?"

"ಆಯುಧಪೂಜೆ ದಿನ, ಕೆಂಪು ದೀಪ ಚಂದ ಕಾಣ್ಲಿ ಅಂತ ಜಾಕೆಟ್ಟೆಲ್ಲ ಆನ್ ಮಾಡೇ ನೇತುಹಾಕಿದ್ವಲ್ಲ. ಅಲ್ಲಾಡ್ಲಿಲ್ಲ ನೋಡು, ಮಂಗಳಾರತಿ ಹೊತ್ತಿಗೆ ಒಂದೊಂದೇ ಕೂಗೋಕೆ ಶುರುಮಾಡಿದ್ವು. ಭಟ್ರು ಮುಖ ಸಿಂಡರಿಸಿದ್ರು. ನಾನೇ ಬ್ಯಾಟರಿ ತೆಗ್ದೆ."

"ಆಮೇಲೆ ಹಾಕಿದ್ರಲ್ಲ?"

"ಅವನದೊಂದು ಮರ್ತೇಹೋಯ್ತು ಮಾರಾಯ. ಗೋಡೌನಿನ ಹೊಗೆಯೊಳಗೆ ನಮ್ಮ ಕಾಲ ಹತ್ರನೇ ಬಿದ್ದಿದ್ದ. ನಾವು ಆಚೆ ಗೋಡೆವರೆಗೂ ಹುಡುಕಿದ್ವಿ."

ವೇದಾವತಮ್ಮ ಕೈಯಲ್ಲಿದ್ದ ಚೀಟಿ ಓದುವವರಂತೆ ತಲೆ ತಗ್ಗಿಸಿದರು.

ಅಷ್ಟರಲ್ಲಿ ಒಳಗಿನಿಂದ ಸಂದೇಶನ ತಾಯಿ ಓಡಿಬಂದರು. ದುಗ್ಗಪ್ಪ ಎದ್ದು ನಿಂತ. ಆಕೆ ಅವನ ಎರಡೂ ಕೈ ಹಿಡಿದುಕೊಂಡರು.

"ಕಣ್ಣು ಬಿಟ್ಟಿದಾನೆ! ಅವನ ಜಾಕೆಟ್ಟಿಗೆ ಕುಂಕುಮ ಹಚ್ಚಿದ್ದು ನೀವಂತೆ. ಆ ಪೂಜೆನೇ ನನ್ ಮಗನ್ನ ಉಳಿಸ್ತು. ಬನ್ನಿ, ನಿಮ್ಮನ್ನೇ ಕೇಳ್ತಿದಾನೆ."

ಆಕೆ ಮುಂದೆ ನಡೆದರು, ಸುರೇಂದ್ರನೂ ಹಿಂದೆ ಹೊರಟ. ದುಗ್ಗಪ್ಪ ಮಾತ್ರ ನಿಂತಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಸುರೇಂದ್ರನೇ ವಾಪಸು ಬಂದು ಅವನ ತೋಳು ಹಿಡಿದು ಕರೆದೊಯ್ಯಬೇಕಾಯಿತು.