ತೋರಣವಿಲ್ಲದ ಬಾಗಿಲು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಮನೋಳಿ ಬಸ್ಸಿಗೆ ಕಾಯುತ್ತಿದ್ದ ಅನ್ನಪೂರ್ಣಾಳ ಬೆನ್ನ ಹಿಂದೆಯೇ ಇಬ್ಬರು ಗಂಡಸರು ಚಹಾ ಕುಡಿಯುತ್ತ, ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಯುಗಾದಿ ದಿನ ಮುಂಜಾನೆ ಮನೋಳಿ ಓಣಿ ಎಲ್ಲಾ ಅಡ್ಡಾಡಿ ಬಂದೆ.”

“ಏನ್ ಕಂಡಿ?”

“ಎಲ್ಲಾ ಬಾಗಲಿಗೂ ಮಾವಿನ ತ್ವಾರಣ. ನೀಲಿ ಗೇಟಿನ ಮನಿ ಒಂದಕ್ಕ ಇರಲಿಲ್ಲ.”

“ಮಂದಿ ಇದ್ರ ಹಬ್ಬದ ದಿನ ಕಟ್ಟದ ಬಿಡ್ತಾರೇನ?”

“ಅದಕ್ಕ ನಿನ್ನೆ ಮಧ್ಯಾಹ್ನನೂ ಹೋಗಿ ನೋಡೇನಿ. ಅಂಗಳದಾಗ ರಂಗೋಲಿ ಇಲ್ಲ, ಬಾಗಲಿಗೆ ಕೀಲಿ ಐತಿ.”

“ಹಂಗಾರ ಇವತ್ತ ರಾತ್ರಿ. ಕೀಲಿ ಮುರಿಯಾಕ ಕಬ್ಬಿಣದ ಹಾರಿ ತಗೊಂಬಾ.”

ನೀಲಿ ಗೇಟು ಅನ್ನಪೂರ್ಣಾಳದೇ. ಗಂಡ ತೀರಿ ವರ್ಷ ತುಂಬಿರಲಿಲ್ಲ, ಹಾಗಾಗಿ ಈ ಸಲ ಹಬ್ಬವಿಲ್ಲ, ತೋರಣವಿಲ್ಲ. ಹಗಲು ಅವಳು ಇಲ್ಲಿ ಹೊಲಿಗೆ ಅಂಗಡಿಯಲ್ಲಿ. ರಾತ್ರಿ ಆ ಮನೆಯಲ್ಲಿ ಒಬ್ಬಳೇ.

ಇಬ್ಬರೂ ಲೋಟ ಇಟ್ಟು ಬೈಕಿನತ್ತ ನಡೆದರು. ಅನ್ನಪೂರ್ಣಾ ಹೂ ಮಾರುವ ಶಟ್ಟೆವ್ವನ ಬುಟ್ಟಿಯ ಹತ್ತಿರ ಹೋಗಿ ಬಾಗಿ ಮೆಲ್ಲಗೆ ಕೇಳಿದಳು: “ಯವ್ವಾ, ಒಂದ್ ಬಾಗಲಿಗೆ ಆಗೂವಷ್ಟ ಮಾವಿನ ಎಲಿ ಕೊಡ್ರಿ.”

ಶಟ್ಟೆವ್ವನದು ಸಂತೆಯ ಗಂಟಲು. ಇಡೀ ಸ್ಟ್ಯಾಂಡಿಗೇ ಕೇಳಿಸಿತು.

“ಹಬ್ಬ ಮುಗದ ಮ್ಯಾಲೆ ಯಾಕವ್ವಾ ನಿನಗ ತ್ವಾರಣ?”

ಚಾಲೂ ಆಗಿದ್ದ ಬೈಕು ಬಂದ್ ಆಯಿತು.